ಕೆರೆ ಒಡೆದರೆ ಕಟ್ಟುವವರು ಯಾರು?

ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು? ಒಂದು ಅಂಕದ ಪ್ರಶ್ನೆ. ಪ್ರಶ್ನೆ ಹಾಕಿದವರ ಮನಸ್ಸಿನಲ್ಲಿ ಉತ್ತರ ಒಂದೇ. ಇತಿಹಾಸದಲ್ಲಿ ಇರುವುದು ಮೂರು. 1947ರ ಅಕ್ಟೋಬರ್‌ನಲ್ಲಿ ಮೈಸೂರು ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಬಂದಾಗ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಆ ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಆ ರಾಜ್ಯಕ್ಕೂ ಆಗ ಮೈಸೂರು ಎಂದೇ ಹೆಸರು. 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆಗ ಆ ಕುರ್ಚಿಯಲ್ಲಿ ಇದ್ದವರು ಡಿ. ದೇವರಾಜ ಅರಸು. ಮೂವರಲ್ಲಿ ಯಾರ ಹೆಸರು ಬರೆದರೂ ಅದಕ್ಕೊಂದು ಸಮರ್ಥನೆ ಇದೆ. ಗೈಡಿನಲ್ಲಿ ಮಾತ್ರ ಒಂದೇ ಹೆಸರು ಇರುತ್ತದೆ, ಉಳಿದೆರಡಕ್ಕೆ ಸೊನ್ನೆ.

ಕೋಲಾರ ಜಿಲ್ಲೆಯ ಬೇತಮಂಗಲದ ಮಗುವಿಗೆ ಈ ಪ್ರಶ್ನೆ ದೂರದ್ದಲ್ಲ. ಕೆ.ಸಿ. ರೆಡ್ಡಿ ಅವರ ಪೂರ್ತಿ ಹೆಸರು ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ಕ್ಯಾಸಂಬಳ್ಳಿ ಅದೇ ಸೀಮೆಯ ಊರು. ಹಿಂದೆ ಬಂಗಾರಪೇಟೆ ತಾಲ್ಲೂಕು, ಈಗ ಕೆ.ಜಿ.ಎಫ್. ತಾಲ್ಲೂಕು. ಇನಿಷಿಯಲ್‌ನ ಮೊದಲ ಅಕ್ಷರದಲ್ಲೇ ನೆರೆಯೂರು ಕೂತಿದೆ. ಆದರೂ ಮಕ್ಕಳು ಆ ಹೆಸರನ್ನು ಬೆಂಗಳೂರಿನಿಂದ ಅಚ್ಚಾಗಿ ಬಂದ ಪುಸ್ತಕದಿಂದ ಉರು ಹೊಡೆಯುತ್ತಾರೆ, ಬಸ್ಸಿನಲ್ಲಿ ಹೋಗಿ ನೋಡಬಹುದಾದ ಊರಿನಿಂದ ಕಲಿಯುವುದಿಲ್ಲ. ಇತಿಹಾಸ ಮತ್ತು ಸರ್ಕಾರದ ಬಗ್ಗೆ ನಾವು ಮಕ್ಕಳನ್ನು ಕೇಳುವ ಸರಳ ಪ್ರಶ್ನೆಗಳ ಗುಣವೇನು, ದೋಷವೇನು ಎಂದು ಬೇತಮಂಗಲದ ಏರಿಯ ಮೇಲೆ ನಿಂತು ನೋಡುವ ಪ್ರಯತ್ನ ಇದು.

ಪ್ರಶ್ನೆಗಳು ಬರುವ ದಾರಿ

ಈ ಪ್ರಶ್ನೆಗಳು ಮಕ್ಕಳಿಗೆ ಮೊದಲು ಸಿಗುವುದು ಶಾಲೆಯಲ್ಲಿ. ಎಸ್.ಎಸ್.ಎಲ್.ಸಿ.ಯ ಸಮಾಜ ವಿಜ್ಞಾನ ಎಂದರೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಹೀಗೆ ಆರು ವಿಷಯಗಳು 80 ಅಂಕದ ಒಂದೇ ಪತ್ರಿಕೆಯಲ್ಲಿ ಇಕ್ಕಟ್ಟಾಗಿ ಕೂರುವ ವಿಷಯ. ಇಷ್ಟು ಕಡಿಮೆ ಜಾಗದಲ್ಲಿ ಒಂದು ರಾಜವಂಶಕ್ಕೋ ಒಂದು ವಿಧಿಗೋ ಸಿಗುವುದು ಒಂದೆರಡು ಅಂಕ. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ ಎಂಬ ರೂಪಗಳು ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸಾವಿರಾರು ಜನ ಕೆಲಸಕ್ಕಾಗಿ ದಿನವೂ ಬೆಂಗಳೂರಿನ ರೈಲು ಹತ್ತುವವರಾದರು. ತಂದೆ, ತಾತ ಗಣಿಗೆ ಇಳಿದ ಮನೆಗಳಲ್ಲಿ ಮಕ್ಕಳಿಗೆ ಸರ್ಕಾರಿ ನೌಕರಿ ಎಂದರೆ ಕೈಗೆ ಹಿಡಿಯುವ ಹಗ್ಗ. ಪೊಲೀಸ್ ಕಾನ್‌ಸ್ಟೆಬಲ್ ಇರಲಿ, ಎಫ್.ಡಿ.ಎ. ಇರಲಿ, ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ಇತಿಹಾಸ ಮತ್ತು ಸಂವಿಧಾನಕ್ಕೆ ದೊಡ್ಡ ಪಾಲಿದೆ. ನಾಲ್ಕು ಆಯ್ಕೆ, ಒಂದು ಸರಿ. ಲಕ್ಷಾಂತರ ಉತ್ತರ ಪತ್ರಿಕೆಗಳನ್ನು ಯಂತ್ರ ತಿದ್ದಬೇಕಾದಾಗ ಬೇರೆ ದಾರಿ ಸುಲಭವಿಲ್ಲ. ಅದನ್ನು ಹಳಿಯುವವರು ಈ ಕಷ್ಟವನ್ನೂ ಒಪ್ಪಬೇಕು.

ವಿದೇಶಕ್ಕೆ ಹೋದ ನಮ್ಮವರಿಗೂ ಇದು ತಪ್ಪಿದ್ದಲ್ಲ. ಬ್ರಿಟನ್ನಿನಲ್ಲಿ ನೆಲೆ ನಿಲ್ಲಲು 45 ನಿಮಿಷದಲ್ಲಿ 24 ಪ್ರಶ್ನೆ ಬಿಡಿಸಬೇಕು, 18 ಸರಿಯಾಗಬೇಕು. ಅಮೆರಿಕದ ಪೌರತ್ವಕ್ಕೆ 2008ರಿಂದ ಬಹುಕಾಲ ಬಳಕೆಯಲ್ಲಿದ್ದದ್ದು 100 ಪ್ರಶ್ನೆಗಳ ಪಟ್ಟಿ. ಅದರಿಂದ 10 ಕೇಳುತ್ತಿದ್ದರು, 6 ಸರಿಯಾದರೆ ಪಾಸು. ಅದೂ ಉರು ಹೊಡೆಯುವ ಪಟ್ಟಿಯೇ. ಆದರೆ ಅದರಲ್ಲಿ ಒಂದು ಜಾಣತನ ಇತ್ತು. ನಿಮ್ಮ ರಾಜ್ಯದ ಸೆನೆಟರ್ ಯಾರು, ನಿಮ್ಮ ಪ್ರತಿನಿಧಿ ಯಾರು ಎಂಬಂಥ ಪ್ರಶ್ನೆಗಳಿಗೆ ಅಚ್ಚಾದ ಉತ್ತರವಿರಲಿಲ್ಲ. ಉತ್ತರ ಆಯಾ ಊರಿಗೆ ತಕ್ಕಂತೆ ಎಂದು ಪಟ್ಟಿಯೇ ಹೇಳುತ್ತಿತ್ತು. ಕೇಳುವವರು ಉತ್ತರಿಸುವವನ ವಿಳಾಸ ನೋಡಬೇಕಿತ್ತು. ನಮ್ಮ ಸರಳ ಪ್ರಶ್ನೆಗಳಲ್ಲಿ ಕಾಣೆಯಾಗಿರುವುದು ಈ ವಿಳಾಸ.

ಇತಿಹಾಸ: ಹೆಸರು, ಇಸವಿ, 'ಮೊದಲನೆಯದು'

ಊರ ಹೆಸರಿನಿಂದ ಶುರು ಮಾಡೋಣ. ಬಂಗಾರಪೇಟೆಗೆ ಆ ಹೆಸರು ಹೇಗೆ ಬಂತು? ಪಕ್ಕದಲ್ಲೇ ಚಿನ್ನದ ಗಣಿ ಇರುವಾಗ ಯಾವ ಮಗುವೂ ಥಟ್ಟನೆ 'ಬಂಗಾರದಿಂದ' ಎನ್ನುತ್ತದೆ. ಉತ್ತರ ಚೆಂದ, ಆದರೆ ಸರಿಯಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಲ್ಲಿ ರೈಲು ನಿಲ್ದಾಣದ ಬಳಿ ಬೆಳೆದದ್ದು ಬೌರಿಂಗ್‌ಪೇಟೆ. ಬೆಂಗಳೂರು–ಜೋಲಾರಪೇಟೆ ರೈಲು ಓಡಿದ್ದು 1864ರಲ್ಲಿ. ಮೈಕಲ್ ಲೆವೆಲ್ ಎಂಬ ನಿವೃತ್ತ ಸೈನಿಕ ಕೋಲಾರ ಸೀಮೆಯಲ್ಲಿ ಗಣಿ ತೋಡಲು ಪರವಾನಗಿ ಪಡೆದದ್ದು 1875ರಲ್ಲಿ, ಜಾನ್ ಟೇಲರ್ ಕಂಪನಿ ಕಾಲಿಟ್ಟದ್ದು 1880ರಲ್ಲಿ. ಅಂದರೆ ಪೇಟೆ ಮೊದಲು, ಗಣಿ ಆಮೇಲೆ. 'ಬೌರಿಂಗ್' ಜನರ ನಾಲಗೆಯಲ್ಲಿ ಉರುಳಿ 'ಬಂಗಾರ'ವಾಯಿತು. ಹೆಸರು ಕೇಳಿ ಅರ್ಥ ಊಹಿಸಬೇಡ, ಇಸವಿಗಳನ್ನು ಸಾಲಾಗಿ ಇಟ್ಟು ನೋಡು ಎಂಬ ಪಾಠ ಈ ಒಂದು ಪ್ರಶ್ನೆಯಲ್ಲೇ ಇದೆ. ಇಸವಿ ಉರು ಹೊಡೆಯುವುದರಿಂದ ಏನುಪಯೋಗ ಎಂದು ಕೇಳುವ ಮಕ್ಕಳಿಗೂ ಇದೇ ಉತ್ತರ: 1864 ಮತ್ತು 1880 ಎರಡೂ ನೆನಪಿದ್ದವನನ್ನು ಆ ಚೆಂದದ ಉತ್ತರ ಮೋಸ ಮಾಡಲಾರದು.

ರೈಲು ಬಂದ ಮೇಲೆ ತಾಲ್ಲೂಕು ಕೇಂದ್ರ ಬೇತಮಂಗಲವನ್ನು ಬಿಟ್ಟು ಬೌರಿಂಗ್‌ಪೇಟೆಗೆ ಹೋಯಿತು. ಪಾಲಾರ್ ದಡದ ಹಳೆಯ ಊರು ಬಡವಾಯಿತು, ಹಳಿಯ ಪಕ್ಕದ ಹೊಸ ಪೇಟೆ ದಪ್ಪವಾಯಿತು. 'ರೈಲ್ವೆಯ ಪರಿಣಾಮಗಳನ್ನು ವಿವರಿಸಿ' ಎಂಬ ನಾಲ್ಕು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯ ಮಗುವಿಗೆ ಬೇಕೆ?

ಬೇತಮಂಗಲದ ಹಳೆಯ ಹೆಸರು ಶಾಸನಗಳಲ್ಲಿ ವಿಜಯಾದಿತ್ಯಮಂಗಲ. 'ಮಂಗಲ' ಎಂಬ ಕೊನೆ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರುಗಳಲ್ಲಿ ಸಾಮಾನ್ಯ. ಯಾವ ವಿಜಯಾದಿತ್ಯ ಎಂಬುದು ಮುಂದಿನ ಪ್ರಶ್ನೆ. ಆ ಹೆಸರಿನವರು ಈ ಸೀಮೆಯನ್ನು ಆಳಿದ ಬಾಣರಲ್ಲಿ ಇದ್ದಾರೆ, ಗಂಗರಲ್ಲಿ ಇದ್ದಾರೆ, ಬಾದಾಮಿ ಚಾಲುಕ್ಯರಲ್ಲೂ ಇದ್ದಾರೆ. ಪಠ್ಯಪುಸ್ತಕದಲ್ಲಿ ಬಾಣರಿಗೆ ಹೆಚ್ಚು ಜಾಗವಿಲ್ಲ. ದೊಡ್ಡ ವಂಶಗಳ ನಡುವಿನ ಸಣ್ಣ ವಂಶ ಅವರು. ಆದರೆ ಬೇತಮಂಗಲದ ಮಗುವಿಗೆ ಕದಂಬರಿಗಿಂತ ಬಾಣರೇ ಹತ್ತಿರದ ನೆಂಟರು. ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದೇ. ಆ ಸಂಪುಟದಿಂದ ಹತ್ತು ಪುಟಗಳ ಜೆರಾಕ್ಸ್ ಶಾಲೆಯ ಗೋಡೆಗೆ ಬಂದರೂ 'ಇತಿಹಾಸದ ಆಧಾರಗಳು' ಎಂಬ ಪಾಠಕ್ಕೆ ಜೀವ ಬರುತ್ತದೆ.

ಇಸವಿಯ ಪ್ರಶ್ನೆಗೆ ಬೂದಿಕೋಟೆ ಸಾಕು. ಬಂಗಾರಪೇಟೆ ತಾಲ್ಲೂಕಿನ ಈ ಊರು ಹೈದರಾಲಿಯ ಜನ್ಮಸ್ಥಳ. ಹುಟ್ಟಿದ ವರ್ಷ ಯಾವುದು? ಒಂದು ಪುಸ್ತಕ 1720 ಎನ್ನುತ್ತದೆ, ಇನ್ನೊಂದು 1722. ಆಗ ಅವನು ರಾಜನ ಮಗನಲ್ಲ, ಒಬ್ಬ ಸೈನಿಕನ ಮಗ. ಸೈನಿಕನ ಮನೆಯ ತೊಟ್ಟಿಲಿನ ತಾರೀಖನ್ನು ಯಾರು ಬರೆದಿಟ್ಟಾರು? ಅದೇ ಅವನು ಸತ್ತ ವರ್ಷದ ಬಗ್ಗೆ ಜಗಳವಿಲ್ಲ: 1782. ಹುಟ್ಟಿಗಿಲ್ಲದ ದಾಖಲೆ ಸಾವಿಗೆ ಏಕಿದೆ ಎಂದು ಕೇಳಿದರೆ ಅಧಿಕಾರ, ದಾಖಲೆ, ಇತಿಹಾಸ ಮೂರರ ಸಂಬಂಧವೂ ಎಂಟನೇ ತರಗತಿಯ ಮಗುವಿಗೆ ತಿಳಿದುಬಿಡುತ್ತದೆ.

ಇನ್ನು 'ಮೊದಲನೆಯದು' ಎಂಬ ಜಾತಿಯ ಪ್ರಶ್ನೆಗಳು. ಇವು ಗೈಡುಗಳಿಗೆ ಬಹು ಇಷ್ಟ. ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂಬ ಸಾಲು ಎಷ್ಟೋ ಕಡೆ ಅಚ್ಚಾಗಿದೆ. ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಹುಟ್ಟಿತ್ತು, ಜಪಾನಿನ ಕ್ಯೋಟೊದಲ್ಲಿ ಅದಕ್ಕೂ ಮೊದಲು, 1891ರಲ್ಲಿ. ನಮ್ಮ ಶಿವನಸಮುದ್ರದ ನಿಜವಾದ ಹಿರಿಮೆ ಬೇರೆ: ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜಿಸಿದ ಆ ವಿದ್ಯುತ್ತು 1902ರಲ್ಲಿ ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಗಣಿಗೆ ತಂತಿಯ ಮೇಲೆ ಹರಿದು ಬಂತು. ಅಷ್ಟು ಉದ್ದದ ತಂತಿ ಆ ಕಾಲಕ್ಕೆ ದೊಡ್ಡ ಸಾಹಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ರಾಜಧಾನಿಗಿಂತ ಮೊದಲು ಗಣಿಗೆ ಏಕೆ ಎಂಬುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದರೆ ಸಂಸ್ಥಾನದ ಬೊಕ್ಕಸ, ಗಣಿಯ ರಾಜಧನ, ಲಂಡನ್ನಿನ ಷೇರುದಾರರು ಎಲ್ಲರೂ ಎದುರಾಗುತ್ತಾರೆ. 'ಮೊದಲನೆಯದು ಯಾವುದು' ಎಂದು ಕೇಳಿದರೆ ಒಂದು ಹೆಸರು ಸಿಗುತ್ತದೆ. 'ಮೊದಲು ಯಾರಿಗೆ, ಏಕೆ' ಎಂದು ಕೇಳಿದರೆ ಒಂದು ಕಾಲವೇ ಸಿಗುತ್ತದೆ.

ಸರ್ಕಾರ: ಬದಲಾಗುವ ಉತ್ತರಗಳು

ರಾಜ್ಯಶಾಸ್ತ್ರದ ಸರಳ ಪ್ರಶ್ನೆಗಳಲ್ಲಿ ಒಂದು ಗುಂಪು ಗಟ್ಟಿ ನೆಲದ ಮೇಲೆ ನಿಂತಿದೆ. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26, ಜಾರಿಗೆ ಬಂದದ್ದು 1950ರ ಜನವರಿ 26. ವಿಧಾನಸಭೆಗೆ ಆಯ್ಕೆಯಾಗುವವರು 224, ವಿಧಾನ ಪರಿಷತ್ತಿನಲ್ಲಿ 75, ರಾಜ್ಯದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 61ನೇ ತಿದ್ದುಪಡಿ. ಇವು ಮಗ್ಗಿಯ ಹಾಗೆ ಬಾಯಿಗೆ ಬರಬೇಕು. ಮಗ್ಗಿ ಬಾರದವನಿಗೆ ಲೆಕ್ಕದ ಒಳಮರ್ಮ ತಿಳಿಸುವುದು ಹೇಗೆ ಕಷ್ಟವೋ, ಇದೂ ಹಾಗೆ. ಉರು ಹೊಡೆಯುವುದೇ ತಪ್ಪು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಗುಂಪಿನ ಉತ್ತರಗಳು ಕಾಲಕ್ಕೆ ತಕ್ಕಂತೆ ಜಾಗ ಬದಲಿಸುತ್ತವೆ. ಕೋಲಾರ ಜಿಲ್ಲೆಯಲ್ಲಿ ತಾಲ್ಲೂಕುಗಳು ಎಷ್ಟು? 2007ರವರೆಗೆ 11. ಆ ವರ್ಷ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಆರು ತಾಲ್ಲೂಕುಗಳನ್ನು ತೆಗೆದುಕೊಂಡು ಹೋಯಿತು, ಉಳಿದದ್ದು 5. ಬಂಗಾರಪೇಟೆಯಿಂದ ಕೆ.ಜಿ.ಎಫ್. ಬೇರ್ಪಟ್ಟು ತಾಲ್ಲೂಕಾದ ಮೇಲೆ 6. ಬೇತಮಂಗಲ ಹೋಬಳಿ ಹೋದದ್ದು ಈ ಹೊಸ ತಾಲ್ಲೂಕಿಗೆ. ಅಣ್ಣ, ಅಕ್ಕ, ತಂಗಿ ಮೂವರೂ ಬೇರೆ ಬೇರೆ ಉತ್ತರ ಬರೆದು ಮೂವರೂ ಅಂಕ ಪಡೆದಿರಬಹುದು.

ಕ್ಷೇತ್ರದ ಪ್ರಶ್ನೆಯೂ ಅಂಥದೇ. ಹಿಂದೆ ಬೇತಮಂಗಲ ಎಂಬ ಹೆಸರಿನದೇ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರವಿತ್ತು. 2008ರ ಚುನಾವಣೆಗೆ ಮುಂಚಿನ ಪುನರ್ವಿಂಗಡಣೆಯಲ್ಲಿ ಆ ಹೆಸರು ಅಳಿಸಿಹೋಯಿತು, ಹೋಬಳಿ ಕೆ.ಜಿ.ಎಫ್. ಕ್ಷೇತ್ರಕ್ಕೆ ಸೇರಿತು. ಊರು ಅಲ್ಲೇ ಇದೆ, ಕ್ಷೇತ್ರ ಇಲ್ಲ. ಗಡಿ ಎಳೆಯುವವರು ಯಾರು, ಯಾವ ಜನಗಣತಿಯ ಆಧಾರದಲ್ಲಿ, ಮೀಸಲಾತಿ ನಿಗದಿಯಾಗುವುದು ಹೇಗೆ ಎಂಬುದನ್ನು ಕಲಿಸಲು ಮೇಷ್ಟ್ರಿಗೆ ಅಪ್ಪನ ಹಳೆಯ ಮತ ಮತ್ತು ಮಗಳ ಬರಲಿರುವ ಮತ ಎರಡೂ ಸಾಕು.

ಪಂಚಾಯತಿಯ ಪ್ರಶ್ನೆಗಳಿಗೆ ಪುಸ್ತಕದ ಉತ್ತರ ಸಿದ್ಧವಾಗಿದೆ: 73ನೇ ತಿದ್ದುಪಡಿ, 1993ರ ಏಪ್ರಿಲ್ 24ರಿಂದ ಜಾರಿ, ಅದೇ ವರ್ಷ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, ಗ್ರಾಮ ಪಂಚಾಯತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ, ಮಹಿಳೆಯರಿಗೆ ಅರ್ಧದಷ್ಟು ಸ್ಥಾನ. ಇದನ್ನು ಬರೆದು ಎರಡು ಅಂಕ ಗಿಟ್ಟಿಸಿದ ಹುಡುಗಿಗೆ ತನ್ನ ವಾರ್ಡಿನ ಸದಸ್ಯೆ ಯಾರೆಂದು ತಿಳಿದಿರಬೇಕೆಂದೇನೂ ಇಲ್ಲ. ಪಂಚಾಯತಿ ಕಚೇರಿಯ ಬೋರ್ಡು ಓದಿ ಬಾ ಎಂಬ ಮನೆಕೆಲಸಕ್ಕೆ ಖರ್ಚು ಏನೂ ಇಲ್ಲ.

ನದಿ, ಗಣಿ, ನುಡಿ

ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದರೆ ಮಕ್ಕಳಿಗೆ ನಿದ್ದೆ ಬರುತ್ತದೆ. ಪಟ್ಟಿಯ ಬದಲು ಪಾಲಾರ್ ನದಿಯನ್ನು ಹಿಡಿದರೆ? ಕೋಲಾರ ಸೀಮೆಯಲ್ಲಿ ಹರಿದು, ಬೇತಮಂಗಲದ ಕೆರೆಯನ್ನು ತುಂಬಿಸಿ, ಆಂಧ್ರದ ಮೂಲೆಯೊಂದನ್ನು ಹಾಯ್ದು ತಮಿಳುನಾಡಿಗೆ ಹೋಗಿ ಸಮುದ್ರ ಸೇರುವ ನದಿ ಅದು. ನೀರು ರಾಜ್ಯ ಪಟ್ಟಿಯ ವಿಷಯ. ರಾಜ್ಯಗಳ ನಡುವೆ ಹರಿಯುವ ನದಿಯ ನಿಯಂತ್ರಣ ಕೇಂದ್ರ ಪಟ್ಟಿಯದು. ಜಗಳ ಬಂದರೆ 262ನೇ ವಿಧಿ. ಸಂವಿಧಾನ ಹುಟ್ಟುವ ಮೊದಲೇ, 1892ರಲ್ಲಿ, ಮದ್ರಾಸ್ ಮತ್ತು ಮೈಸೂರು ಸರ್ಕಾರಗಳು ಮಾಡಿಕೊಂಡ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಪಾಲಾರ್ ಇದೆ. ಕಾವೇರಿ ವಿವಾದ ಎಂದು ಓದುವಾಗ ಕೇಳಿಬರುವ ಒಪ್ಪಂದವೂ ಇದೇ. ಅದು ತನ್ನೂರ ಕೆರೆಯನ್ನೂ ಮುಟ್ಟುತ್ತದೆ ಎಂದು ತಿಳಿದ ಮಗು ಆ ಪಾಠವನ್ನು ಮರೆಯುವುದು ಕಷ್ಟ.

ಗಣಿಯ ಒಡೆತನವೂ ಹಾಗೆ. ಕಂಪನಿಗಳ ಕೈಯಲ್ಲಿದ್ದದ್ದು 1956ರಲ್ಲಿ ಮೈಸೂರು ರಾಜ್ಯದ್ದಾಯಿತು, 1962ರಲ್ಲಿ ಕೇಂದ್ರದ್ದಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಉದ್ಯಮವಾಯಿತು, 2001ರಲ್ಲಿ ಮುಚ್ಚಿತು. ರಾಷ್ಟ್ರೀಕರಣ, ಸಾರ್ವಜನಿಕ ವಲಯ, ನಷ್ಟದ ಉದ್ಯಮ ಎಂಬ ಮೂರು ಅಧ್ಯಾಯಗಳು ಒಂದೇ ಗುಡ್ಡದ ಬುಡದಲ್ಲಿ ನಡೆದುಹೋಗಿವೆ.

ನುಡಿಯ ಪ್ರಶ್ನೆ ನಾಜೂಕಿನದು. ಇಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ 'ಚೆರುವು' ಎನ್ನುತ್ತಾರೆ, ಶಾಲೆಯಲ್ಲಿ 'ಕೆರೆ' ಎನ್ನುತ್ತಾರೆ. ಗಣಿ ಕಾಲೊನಿಯ ತಮಿಳು ಮನೆಯಲ್ಲಿ ಅದೇ ನೀರು 'ಏರಿ'. ಕನ್ನಡದಲ್ಲಿ ಏರಿ ಎಂದರೆ ನೀರನ್ನು ತಡೆಯುವ ಮಣ್ಣು. ತಮಿಳಿನಲ್ಲಿ ತಡೆದ ನೀರು. ಭಾಷೆಯ ಆಧಾರದ ಮೇಲೆ ರಾಜ್ಯಗಳಾದವು ಎಂದು ಈ ಮಕ್ಕಳು ಓದುವಾಗ, ಹಾಗಾದರೆ ನಾವು ಇಲ್ಲಿ ಹೇಗೆ ಎಂಬ ಪ್ರಶ್ನೆ ಅವರ ನಾಲಗೆಯ ತುದಿಗೆ ಬಂದೇ ಬರುತ್ತದೆ. ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಡುವಾಗ ತೆಲುಗು ಮಾತಾಡುವ ಕೋಲಾರ ಎಲ್ಲಿಗೆ ಸೇರಬೇಕೆಂಬ ವಾದವೂ ಅದರ ಮುಂದಿತ್ತು. ಜಿಲ್ಲೆ ಮೈಸೂರಿನಲ್ಲೇ ಉಳಿಯಿತು. ನುಡಿಯೊಂದನ್ನೇ ನೋಡಿ ಗೆರೆ ಎಳೆಯಲಿಲ್ಲ. ಆಡಳಿತ, ವ್ಯಾಪಾರ, ಹಳೆಯ ನಂಟು ಎಲ್ಲವೂ ಲೆಕ್ಕಕ್ಕೆ ಬಂದವು. ತೆಲುಗು ಮನೆಯ ಮಗು ಕನ್ನಡದಲ್ಲಿ ಉತ್ತರ ಬರೆಯುವುದು ಯಾರ ಸೋಲೂ ಅಲ್ಲ ಎಂದು ಹೇಳಲು ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಕೇಳುವವರು ಯಾರು?

ಸರಳ ಪ್ರಶ್ನೆ ಕೆಟ್ಟದ್ದಲ್ಲ. ಅದನ್ನು ಕೇಳುವ ರೀತಿಯಲ್ಲಿ ಮೂರು ಲೋಪಗಳಿವೆ. ಯಾವ ಕಾಲದ ಮಾತು ಎಂದು ಹೇಳುವುದಿಲ್ಲ. ಮೊದಲ ಮುಖ್ಯಮಂತ್ರಿಯ ಪ್ರಶ್ನೆ ಅದಕ್ಕೆ ಸಾಕ್ಷಿ. ಯಾವ ಊರಿನ ಮಗುವನ್ನು ಕೇಳುತ್ತಿದ್ದೇವೆ ಎಂದು ನೋಡುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕೇಳುವವರು ಸದಾ ಸರ್ಕಾರದವರು, ಉತ್ತರಿಸುವವರು ಸದಾ ಮಕ್ಕಳು. ಪರೀಕ್ಷಾ ಮಂಡಳಿ ಕೇಳುತ್ತದೆ, ಆಯೋಗ ಕೇಳುತ್ತದೆ. ಹನ್ನೆರಡು ವರ್ಷ ಉತ್ತರಿಸಿ ಉತ್ತರಿಸಿ, ಸರ್ಕಾರವನ್ನೂ ಕೇಳಬಹುದು ಎಂಬುದೇ ಮಕ್ಕಳಿಗೆ ಮರೆತುಹೋಗಿರುತ್ತದೆ.

ಮೈಸೂರಿನ ಇತಿಹಾಸದಲ್ಲೇ ಇದಕ್ಕೆ ಹೋಲಿಕೆ ಇದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಕರೆದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ದಿವಾನರು ವರ್ಷದ ಲೆಕ್ಕ ಒಪ್ಪಿಸುತ್ತಿದ್ದರು, ಬಂದವರು ಕುಂದುಕೊರತೆ ಹೇಳಿಕೊಳ್ಳುತ್ತಿದ್ದರು. ಅಷ್ಟರಿಂದಲೇ ಒಂದು ಅಭ್ಯಾಸ ಬೆಳೆಯಿತು. 66 ವರ್ಷಗಳ ನಂತರ ಜವಾಬ್ದಾರಿ ಸರ್ಕಾರ ಬೇಕೆಂದು 'ಮೈಸೂರು ಚಲೋ' ಹೊರಟವರ ಹಿಂದೆ ಆ ಅಭ್ಯಾಸದ ಬಲವೂ ಇತ್ತು.

ಇಂದಿನ ಮಕ್ಕಳಿಗೂ ಅಂಥದೊಂದು ಜಾಗವಿದೆ. ಪ್ರತಿ ಗ್ರಾಮ ಪಂಚಾಯತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು 2006ರಿಂದಲೇ ಕರ್ನಾಟಕದಲ್ಲಿ ಸರ್ಕಾರದ ಸೂಚನೆ ಇದೆ. ಅಲ್ಲಿ ಮಕ್ಕಳು ಕೇಳಬೇಕು, ಅಧ್ಯಕ್ಷರು ಮತ್ತು ಪಿ.ಡಿ.ಒ. ಉತ್ತರಿಸಬೇಕು. ಎಷ್ಟೋ ಕಡೆ ಅದು ಸ್ವಾಗತ ಭಾಷಣ, ಬಿಸ್ಕತ್ತು, ಫೋಟೊದಲ್ಲಿ ಮುಗಿಯುತ್ತದೆ. ಸಭೆಗೆ ಒಂದು ವಾರ ಮುಂಚೆ ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ ಪ್ರಶ್ನೆಗಳನ್ನು ಸಿದ್ಧಪಡಿಸಿದರೆ ಅದು ಮುಗಿಯುವ ರೀತಿಯೇ ಬೇರೆಯಾದೀತು.

ಮೊದಲ ಪ್ರಶ್ನೆ ಯಾವುದಿರಲಿ ಎಂದರೆ, ಬೇತಮಂಗಲಕ್ಕೆ ನಾನು ಸೂಚಿಸುವುದು ಕೆರೆಯದು. ಈ ಕೆರೆಯ ಏರಿ ಒಡೆದಾಗ 10ನೇ ಶತಮಾನದಲ್ಲಿ ನೊಳಂಬ ದೊರೆ ಇರಿವ ನೊಳಂಬ ಅದನ್ನು ಕಟ್ಟಿಸಿದ. ಮತ್ತೆ ಒಡೆಯಿತು, 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯ ಕಟ್ಟಿಸಿದ. 1116ರಲ್ಲಿ ವಿಷ್ಣುವರ್ಧನ ತಲಕಾಡನ್ನು ಗೆದ್ದು ಚೋಳರನ್ನು ಹಿಂದಟ್ಟಿದ ಎಂದು ಪುಸ್ತಕ ಹೇಳುವ ಆ ಒಂದು ಸಾಲು ಬೇತಮಂಗಲಕ್ಕೆ ಬಂದು ಮುಟ್ಟಿದ್ದು ಹೀಗೆ: ರಾಜ್ಯ ಕೈ ಬದಲಾಯಿತು, ಏರಿ ಕಟ್ಟಿಸುವ ಹೊಣೆಯೂ ಕೈ ಬದಲಾಯಿತು. ಮುಂದೆ 20ನೇ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರ ಇದೇ ಕೆರೆಯಿಂದ ಗಣಿ ಪಟ್ಟಣಕ್ಕೆ ಕುಡಿಯುವ ನೀರು ಹರಿಸಿತು. ಒಡೆದ ಏರಿಯನ್ನು ಯಾರು ಕಟ್ಟಿಸಿದರೋ ಅವರೇ ಸರ್ಕಾರ: ಸಾವಿರ ವರ್ಷದಿಂದ ಈ ಊರಿನ ರಾಜ್ಯಶಾಸ್ತ್ರ ಇಷ್ಟೇ.

ಇಂದು ಉತ್ತರ ಅಷ್ಟು ಸಲೀಸಲ್ಲ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯತಿಯದು, ಅದನ್ನು ಮೀರಿದರೆ ಸಣ್ಣ ನೀರಾವರಿ ಇಲಾಖೆಯದು, ಬೆಂಗಳೂರಿನ ಹೊರಗಿನ ನಗರಗಳ ಕುಡಿಯುವ ನೀರಿನ ಯೋಜನೆಗಳಿಗೆ ನಗರ ನೀರು ಸರಬರಾಜು ಮಂಡಳಿ, ಒತ್ತುವರಿಗೆ ಕಂದಾಯ ಇಲಾಖೆ, ನದಿಯ ಜಗಳಕ್ಕೆ ಕೇಂದ್ರ. ಶಾಸನದಲ್ಲಿ ಒಂದು ಹೆಸರಿದ್ದ ಜಾಗದಲ್ಲಿ ಈಗ ಐದು ಕಚೇರಿಗಳಿವೆ. ಅವುಗಳಲ್ಲಿ ಯಾವುದರ ಬಾಗಿಲು ತಟ್ಟಬೇಕು ಎಂದು ತಿಳಿದ ಮಗುವಿಗೆ ನಾನು ಸಮಾಜ ವಿಜ್ಞಾನದಲ್ಲಿ ನೂರಕ್ಕೆ ನೂರು ಕೊಡುತ್ತೇನೆ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಈ ವರ್ಷದ ಮಕ್ಕಳ ಗ್ರಾಮ ಸಭೆಗೆ ಮೊದಲು ಒಂದು ಸಂಜೆ ತರಗತಿಯನ್ನು ಏರಿಯ ಮೇಲೆ ಕೂರಿಸಿ. ಕೋಡಿ ಎಲ್ಲಿದೆ, ತೂಬು ಎಲ್ಲಿದೆ, ಹೂಳು ಎಷ್ಟಿದೆ ಎಂದು ಅವರೇ ನೋಡಲಿ. ನೊಳಂಬನ ಮತ್ತು ಚೊಕ್ಕಿಮಯ್ಯನ ಕತೆ ಹೇಳಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆ ಬರೆಸಿ: ನಾಳೆ ಇದು ಒಡೆದರೆ ಕಟ್ಟುವವರು ಯಾರು? ಉತ್ತರದ ಜಾಗ ಖಾಲಿ ಬಿಡಲಿ. ಅದನ್ನು ತುಂಬಬೇಕಾದವರು ಸಭೆಯಲ್ಲಿ ಎದುರು ಕೂತಿರುತ್ತಾರೆ.